ಬಿರುಕಿನ ಜಮಾ-ಖರ್ಚು

ಮನೆಗೆ ನೆಂಟರು ಬಂದಿದ್ದಾರೆ. ಅಟ್ಟದ ಮೇಲಿದ್ದ ಪೆಟ್ಟಿಗೆಯಿಂದ ಗಾಜಿನ ಲೋಟಗಳು ಕೆಳಗಿಳಿದಿವೆ. ತೊಳೆದು, ಒರೆಸಿ, ತಟ್ಟೆಯಲ್ಲಿ ಸಾಲಾಗಿ ಇಟ್ಟು ಕುದಿಯುವ ಚಹಾ ಸುರಿಯುತ್ತಿದ್ದಂತೆ ಒಂದು ಲೋಟ ‘ಟಣ್’ ಎನ್ನುತ್ತದೆ. ಬುಡದ ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ. ಎತ್ತಲು ಹೋದರೆ ಲೋಟ ಕೈಗೆ ಬರುತ್ತದೆ, ಬುಡ ತಟ್ಟೆಯಲ್ಲೇ ಉಳಿಯುತ್ತದೆ. ‘ಇನ್ನಷ್ಟು ದಪ್ಪನೆಯದು ತಂದಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ.

ಅದು ತಪ್ಪು. ದಪ್ಪ ಲೋಟವೇ ಬೇಗ ಒಡೆಯುತ್ತದೆ. ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ದೀಪದ ಉರಿಯ ಮೇಲೆ ಇಡುವ ಬೀಕರ್ ಎಷ್ಟು ತೆಳುವಾಗಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಿರಬಹುದು.

ಗಾಜು, ಪಿಂಗಾಣಿ, ಇಟ್ಟಿಗೆ, ಹೆಂಚು, ಮಡಕೆ ಇವೆಲ್ಲ ದೂರದ ದಾಯಾದಿಗಳು. ಇವುಗಳ ಸಾಲಿನಲ್ಲೇ ಇಂದು ಜೆಟ್ ಎಂಜಿನ್ನಿನ ಬ್ಲೇಡುಗಳಿಗೆ ಬಳಿಯುವ ಲೇಪ, ಬಾಹ್ಯಾಕಾಶದಿಂದ ಮರಳುವ ನೌಕೆಯ ಮೈಗೆ ಅಂಟಿಸುವ ಬಿಲ್ಲೆ, ಪರಮಾಣು ಸ್ಥಾವರದ ಇಂಧನ ಗುಳಿಗೆಗಳೂ ನಿಂತಿವೆ. ಬೆಂಕಿಯನ್ನು ತಡೆಯುವುದರಲ್ಲಿ ಇವುಗಳನ್ನು ಮೀರಿಸಿದವರಿಲ್ಲ. ಆದರೆ ತಾಪ ಇದ್ದಕ್ಕಿದ್ದಂತೆ ಬದಲಾದರೆ ಇವು ಒಡೆಯುತ್ತವೆ. ಇದಕ್ಕೆ ಉಷ್ಣಾಘಾತ ಎಂದು ಹೆಸರು. ಬಿರುಕು ಯಾವಾಗ ಹುಟ್ಟುತ್ತದೆ, ಎಷ್ಟು ದೂರ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮುಂಚಿತವಾಗಿ ಲೆಕ್ಕ ಹಾಕಿ ಹೇಳಲು ವಿಜ್ಞಾನಿಗಳು ನೂರು ವರ್ಷಗಳಿಂದ ಹೆಣಗುತ್ತಿದ್ದಾರೆ. ಆ ಹೆಣಗಾಟದಲ್ಲಿ ಅವರಿಗೆ ಕುಂಬಾರನ ಮಡಕೆಯೂ ಒಂದು ಪಾಠ ಹೇಳಿದೆ.

ಒಳಜಗಳ

ಬಿಸಿಯಾದ ವಸ್ತು ಹಿಗ್ಗುತ್ತದೆ, ತಣ್ಣಗಾದದ್ದು ಕುಗ್ಗುತ್ತದೆ. ಇದು ಹೈಸ್ಕೂಲಿನ ಪಾಠ. ಇಡೀ ವಸ್ತು ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗಿದರೆ ಯಾವ ತಕರಾರೂ ಇಲ್ಲ. ತಕರಾರು ಏಳುವುದು ಒಂದು ಪದರ ಬಿಸಿಯಾಗಿ ಪಕ್ಕದ ಪದರ ಇನ್ನೂ ತಣ್ಣಗಿದ್ದಾಗ. ಚಹಾ ಬಿದ್ದ ಲೋಟದ ಒಳಮೈ ಹಿಗ್ಗಲು ಹೊರಡುತ್ತದೆ. ಹೊರಮೈಗೆ ಸುದ್ದಿ ಇನ್ನೂ ತಲುಪಿಲ್ಲ, ಅದು ಇದ್ದಲ್ಲೇ ಇರಲು ಬಯಸುತ್ತದೆ. ಎರಡೂ ಅಂಟಿಕೊಂಡಿರುವುದರಿಂದ ಒಳಮೈ ಒತ್ತಡಕ್ಕೆ ಸಿಲುಕುತ್ತದೆ, ಹೊರಮೈ ಎಳೆತಕ್ಕೆ ಸಿಲುಕುತ್ತದೆ. ಕಾದ ಪಾತ್ರೆಯನ್ನು ತಣ್ಣೀರಿಗೆ ಅದ್ದಿದರೆ ಇದೇ ಜಗಳ ತಿರುವುಮುರುವಾಗುತ್ತದೆ. ಮೇಲ್ಮೈ ಕುಗ್ಗಲು ನೋಡುತ್ತದೆ, ಬಿಸಿಯಾದ ಒಡಲು ಬಿಡುವುದಿಲ್ಲ, ಎಳೆತವೆಲ್ಲ ಮೇಲ್ಮೈ ಪಾಲಿಗೆ ಬರುತ್ತದೆ.

ಪಿಂಗಾಣಿ ಜಾತಿಯ ವಸ್ತುಗಳು ಒತ್ತಡಕ್ಕೆ ಜಗ್ಗುವುದಿಲ್ಲ, ಎಳೆತಕ್ಕೆ ಮಾತ್ರ ತೀರ ದುರ್ಬಲ. ಸಾಲದ್ದಕ್ಕೆ ಗೀರು, ತರಚುಗಳೆಲ್ಲ ಇರುವುದೂ ಮೇಲ್ಮೈಯಲ್ಲೇ. ಆದ್ದರಿಂದ ಕಾಯಿಸುವುದಕ್ಕಿಂತ ಥಟ್ಟನೆ ತಣಿಸುವುದು ಹೆಚ್ಚು ಅಪಾಯ. ಒಲೆಯಿಂದ ಇಳಿಸಿದ ಮಡಕೆಯನ್ನು ಒದ್ದೆ ನೆಲದ ಮೇಲೆ ಇಡಬೇಡ, ಸಿಂಬಿಯ ಮೇಲೆ ಇಡು ಎಂದು ಅಜ್ಜಿಯರು ಗದರುತ್ತಿದ್ದುದು ಸುಮ್ಮನೆ ಅಲ್ಲ.

ಈ ಒಳಜಗಳವನ್ನು ಕೆಲಸಕ್ಕೆ ಹಚ್ಚಿದವರೂ ಇದ್ದರು. ಬೆಂಗಳೂರಿನ ಕಲ್ಲುಕುಟಿಗರು ಬಂಡೆಯ ಮೈಮೇಲೆ ಕಟ್ಟಿಗೆಯ ಬೆಂಕಿಯನ್ನು ನಿಧಾನವಾಗಿ ಸರಿಸುತ್ತ ಹೋಗಿ, ಕಾದ ಪದರ ಕೆಳಗಿನ ತಣ್ಣನೆಯ ಬಂಡೆಯಿಂದ ತಾನಾಗಿ ಬಿಟ್ಟುಕೊಳ್ಳುವಂತೆ ಮಾಡಿ ದೊಡ್ಡ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಎಚ್. ವಾರ್ತ್ ಎಂಬುವರು ಈ ವಿಧಾನವನ್ನು 1895ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ವರ್ಣಿಸಿದ್ದರು. ಬಿರುಕು ಎಲ್ಲಿ ಓಡಬೇಕೆಂಬುದನ್ನು ಆ ಕುಟಿಗರೇ ನಿರ್ಧರಿಸುತ್ತಿದ್ದರು. ಬಿರುಕು ಎಲ್ಲಿ ಓಡುತ್ತದೆ ಎಂದು ಕಾಗದದ ಮೇಲೆ ಹೇಳಲು ವಿಜ್ಞಾನಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು.

ಬಟ್ಟೆ ಅಂಗಡಿಯವನ ಗುಟ್ಟು

ಬಟ್ಟೆ ಅಂಗಡಿಯವ ಥಾನಿನಿಂದ ಬಟ್ಟೆ ಹರಿಯುವಾಗ ಮೊದಲು ಕತ್ತರಿಯಿಂದ ಅಂಚಿನಲ್ಲಿ ಒಂದು ಚಿಕ್ಕ ಸೀಳು ಹಾಕುತ್ತಾನೆ. ಆಮೇಲೆ ಎರಡೂ ಕೈಯಿಂದ ಎಳೆದರೆ ‘ಪರ್’ ಎಂದು ಕೊನೆತನಕ ಹರಿಯುತ್ತದೆ. ಸೀಳಿಲ್ಲದೆ ಎಳೆದರೆ ಭೀಮನಿಗೂ ಕಷ್ಟ. ಎಳೆತವೆಲ್ಲ ಸೀಳಿನ ತುದಿಯ ಒಂದೆರಡು ಎಳೆಗಳ ಮೇಲೆ ಬೀಳುವುದೇ ಇದರ ಗುಟ್ಟು.

ಗಾಜಿನ ವಿಷಯದಲ್ಲೂ ಹೀಗೆಯೇ ಎಂದು ತೋರಿಸಿದವರು ಇಂಗ್ಲೆಂಡಿನ ಎ.ಎ. ಗ್ರಿಫಿತ್. ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದ ಅವರಿಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಪರಮಾಣುಗಳ ನಡುವಿನ ಬಂಧವನ್ನು ಲೆಕ್ಕ ಹಾಕಿದರೆ ಗಾಜು ಇರಬೇಕಾದಷ್ಟು ಗಟ್ಟಿ ಇಲ್ಲವೇ ಇಲ್ಲ. ಎಷ್ಟೋ ಪಟ್ಟು ಕಡಿಮೆ. ಆದರೆ ಗಾಜನ್ನು ಕಾಯಿಸಿ ಕೂದಲಿನಂಥ ಎಳೆಯಾಗಿ ಎಳೆದರೆ ಅದರ ಬಲ ಲೆಕ್ಕದ ಹತ್ತಿರ ಹತ್ತಿರ ಬರುತ್ತದೆ. ದಪ್ಪ ಗಾಜಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಿಗೆ ಜಾಗವಿದೆ, ಎಳೆಯಲ್ಲಿ ಇಲ್ಲ ಎಂದು ಅವರು ತರ್ಕಿಸಿದರು.

1920ರಲ್ಲಿ ಅವರು ಮಂಡಿಸಿದ ಪ್ರಬಂಧದ ತಿರುಳು ಮನೆಯ ಜಮಾ-ಖರ್ಚಿನಷ್ಟು ಸರಳ. ಎಳೆತಕ್ಕೆ ಸಿಕ್ಕ ಗಾಜು ಎಳೆದ ರಬ್ಬರಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಬಿರುಕು ಒಂದಿಷ್ಟು ಮುಂದೆ ಹೋದರೆ ಸುತ್ತಲಿನ ಬಿಗಿ ಸಡಿಲಾಗಿ ಆ ಶಕ್ತಿ ಬಿಡುಗಡೆಯಾಗುತ್ತದೆ. ಇದು ಜಮಾ. ಬಿರುಕು ಮುಂದೆ ಹೋಗಬೇಕಾದರೆ ಎರಡು ಹೊಸ ಮೇಲ್ಮೈಗಳು ತೆರೆಯಬೇಕು, ಬಂಧಗಳು ಕಡಿಯಬೇಕು. ಇದು ಖರ್ಚು. ಜಮಾ ಖರ್ಚನ್ನು ಮೀರಿದರೆ ಬಿರುಕು ಓಡುತ್ತದೆ, ಮೀರದಿದ್ದರೆ ನಿಲ್ಲುತ್ತದೆ. ಕಬ್ಬಿಣ, ತಾಮ್ರಗಳಲ್ಲಿ ಪರಮಾಣುಗಳ ಸಾಲುಗಳು ಜಾರಿ, ಬಾಗಿ, ಬಹಳಷ್ಟು ಶಕ್ತಿಯನ್ನು ನುಂಗಿ ಹಾಕುತ್ತವೆ. ಪಿಂಗಾಣಿಯಲ್ಲಿ ಆ ಜಾರುವಿಕೆ ಇಲ್ಲ. ಅಲ್ಲಿ ಬಿರುಕಿನ ಖರ್ಚು ಬಹಳ ಅಗ್ಗ.

ತಾಳೆಯಾಗದ ಲೆಕ್ಕ

ಈಗ ಪಿಯುಸಿ ವಿದ್ಯಾರ್ಥಿ ತಾನೇ ಮಾಡಬಹುದಾದ ಒಂದು ಲೆಕ್ಕ. ವಾಹನಗಳ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಾಣುವ ಬಿಳಿ ಪಿಂಗಾಣಿಯ ಮುಖ್ಯ ದ್ರವ್ಯ ಅಲ್ಯೂಮಿನಾ. ಒಂದು ಮೀಟರ್ ಉದ್ದದ ಅಲ್ಯೂಮಿನಾ ಕಡ್ಡಿಯ ತಾಪ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು 8 ಭಾಗದಷ್ಟು ಹಿಗ್ಗುತ್ತದೆ. ಇದೇನು ಮಹಾ ಎನ್ನಿಸಬಹುದು. ಆದರೆ ಅಲ್ಯೂಮಿನಾ ಉಕ್ಕಿಗಿಂತಲೂ ಬಿರುಸು, ಸುಲಭವಾಗಿ ಮಣಿಯುವುದಿಲ್ಲ. ಆ ಅತ್ಯಲ್ಪ ಹಿಗ್ಗನ್ನು ತಡೆದು ಹಿಡಿದರೆ ಅದರೊಳಗೆ ಚದರ ಸೆಂಟಿಮೀಟರಿಗೆ ಸುಮಾರು 40 ಕಿಲೋ ಬಲ ಹುಟ್ಟುತ್ತದೆ. ಒಂದೇ ಒಂದು ಡಿಗ್ರಿಗೆ! ಒಳ್ಳೆಯ ಅಲ್ಯೂಮಿನಾ ತಾಳಬಲ್ಲ ಎಳೆತ ಚದರ ಸೆಂಟಿಮೀಟರಿಗೆ ಸುಮಾರು 3000 ಕಿಲೋ. ಭಾಗಿಸಿದರೆ 75 ಬರುತ್ತದೆ. ಅಂದರೆ ಮೇಲ್ಮೈಗೂ ಒಡಲಿಗೂ 75 ಡಿಗ್ರಿ ವ್ಯತ್ಯಾಸ ಬಂದೊಡನೆ ಅದು ಬಿರಿಯಬೇಕು.

ಪರೀಕ್ಷಿಸುವುದೂ ಸುಲಭ. ಬಳಪದ ಕಡ್ಡಿಯಂಥ ಅಲ್ಯೂಮಿನಾ ತುಂಡುಗಳನ್ನು ಕುಲುಮೆಯಲ್ಲಿ ಕಾಯಿಸಿ ನೀರಿಗೆ ಬೀಳಿಸುವುದು, ತೆಗೆದು ಒರೆಸಿ ಅವನ್ನು ಬಗ್ಗಿಸಿ ಮುರಿದು ಎಷ್ಟು ಬಲ ಉಳಿದಿದೆ ನೋಡುವುದು. ಹೀಗೆ ಮಾಡಿದಾಗ ತಾಪದ ವ್ಯತ್ಯಾಸ 75 ದಾಟಿದರೂ ಏನೂ ಆಗುವುದಿಲ್ಲ. 100, 150 ಆದರೂ ಕಡ್ಡಿಯ ಬಲ ಹಾಗೇ ಇರುತ್ತದೆ. ಸುಮಾರು 200 ಡಿಗ್ರಿಯ ಹತ್ತಿರ ಬಂದಾಗ ಅದು ಇದ್ದಕ್ಕಿದ್ದಂತೆ ಕುಸಿಯುತ್ತದೆ. ನಕ್ಷೆಯ ಮೇಲೆ ಗೆರೆ ಬಯಲಿನಂತೆ ಸಾಗಿ ಜೋಗದ ಗುಂಡಿಯಂತೆ ಬೀಳುತ್ತದೆ.

ಲೆಕ್ಕ 75 ಎಂದಿತ್ತು, ಕಡ್ಡಿ 200 ಎನ್ನುತ್ತಿದೆ. ತಪ್ಪಿರುವುದು ಎಲ್ಲಿ? ಇಂಥ ಕಡೆ ಅನೇಕರು ಲೆಕ್ಕವನ್ನೇ ಬಿಸಾಡುತ್ತಾರೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಡಬ್ಲ್ಯು. ಡೇವಿಡ್ ಕಿಂಗರಿ ಹಾಗೆ ಮಾಡಲಿಲ್ಲ. 1955ರಲ್ಲಿ ಬರೆದ ಹೆಸರಾಂತ ಪ್ರಬಂಧದಲ್ಲಿ ಅವರು ತಾಪ ವ್ಯತ್ಯಾಸದ ಜೊತೆಗೆ ಉಷ್ಣದ ಸಾಗಾಟವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಮೇಲ್ಮೈ ಒಂದೇ ಕ್ಷಣಕ್ಕೆ ನೀರಿನಷ್ಟು ತಣ್ಣಗಾಗುವುದಿಲ್ಲ. ನೀರು ಒಂದು ವೇಗದಲ್ಲಿ ಬಿಸಿಯನ್ನು ಹೀರುತ್ತಿರುತ್ತದೆ, ಒಡಲು ಇನ್ನೊಂದು ವೇಗದಲ್ಲಿ ಮೇಲ್ಮೈಗೆ ಬಿಸಿಯನ್ನು ಪೂರೈಸುತ್ತಿರುತ್ತದೆ. ಈ ಎರಡರ ಪೈಪೋಟಿಯಲ್ಲಿ ನಿಜವಾದ ವ್ಯತ್ಯಾಸ 200ಕ್ಕಿಂತ ಬಹಳ ಕಡಿಮೆ ಇರುತ್ತದೆ. ವಸ್ತು ಉಷ್ಣವನ್ನು ಚೆನ್ನಾಗಿ ಸಾಗಿಸಿದರೆ, ತೆಳುವಾಗಿದ್ದರೆ ಜಗಳ ಬೇಗ ಬಗೆಹರಿಯುತ್ತದೆ. ದಪ್ಪಗಿದ್ದರೆ ಒಡಲಿನ ಸುದ್ದಿ ಮೇಲ್ಮೈಗೆ ಮುಟ್ಟುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ನೆಂಟರ ಮುಂದೆ ಮಾನ ಕಳೆದ ದಪ್ಪ ಲೋಟದ ಕಥೆಯೂ ಇಷ್ಟೇ.

ಇದೇ ಲೆಕ್ಕ ಇನ್ನೊಂದು ದಾರಿಯನ್ನೂ ತೋರಿಸುತ್ತದೆ: ಹಿಗ್ಗುವುದೇ ಕಡಿಮೆಯಿರುವ ವಸ್ತು ಹುಡುಕುವುದು. ಸಾಮಾನ್ಯ ಗಾಜಿಗೆ ಹೋಲಿಸಿದರೆ ಬೋರೋಸಿಲಿಕೇಟ್ ಗಾಜು ಮೂರನೇ ಒಂದು ಪಾಲು ಮಾತ್ರ ಹಿಗ್ಗುತ್ತದೆ. ರೈಲ್ವೆಯ ಸಿಗ್ನಲ್ ದೀಪಗಳ ಕಾದ ಗಾಜು ಮಳೆ, ಹಿಮಕ್ಕೆ ಸಿಡಿಯುತ್ತಿದ್ದುದನ್ನು ತಪ್ಪಿಸಲು ಅಮೆರಿಕದ ಕಾರ್ನಿಂಗ್ ಕಂಪೆನಿ ಇಂಥ ಗಾಜನ್ನು ತಯಾರಿಸಿತ್ತು. ಅಲ್ಲಿನ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್ 1913ರಲ್ಲಿ ಬ್ಯಾಟರಿಯ ಗಾಜಿನ ಜಾಡಿಯೊಂದರ ಬುಡವನ್ನು ಕತ್ತರಿಸಿ ಮನೆಗೆ ತಂದರು. ಅವರ ಪತ್ನಿ ಬೆಸ್ಸಿ ಅದರಲ್ಲಿ ಕೇಕ್ ಬೇಯಿಸಿದರು. ಗಾಜು ಒಡೆಯಲಿಲ್ಲ, ಕೇಕೂ ಚೆನ್ನಾಗಿತ್ತು. ‘ಪೈರೆಕ್ಸ್’ ಪಾತ್ರೆಗಳು 1915ರಲ್ಲಿ ಮಾರುಕಟ್ಟೆಗೆ ಬಂದವು. ನಮ್ಮ ಪ್ರಯೋಗಾಲಯಗಳ ಬೋರೋಸಿಲ್ ಬೀಕರುಗಳೂ ಇದೇ ಕುಲದವು.

ಆದರೆ ಎಲ್ಲ ಕೆಲಸಕ್ಕೂ ಕಡಿಮೆ ಹಿಗ್ಗುವ ವಸ್ತು ಒದಗುವುದಿಲ್ಲ. ಆಗ ಪರೀಕ್ಷೆಯೊಂದೇ ಗತಿ. ವಿದ್ಯುತ್ ಕಂಬಗಳ ಮೇಲೆ ಬಿಸಿಲಿನಲ್ಲಿ ಕಾದು ಮಳೆಯಲ್ಲಿ ತೊಯ್ಯುವ ಪಿಂಗಾಣಿ ಇನ್ಸುಲೇಟರುಗಳನ್ನೇ ನೋಡಿ. ಮೈಸೂರು ಸಂಸ್ಥಾನದ ಕಾಲದಲ್ಲೇ, 1932ರಲ್ಲಿ, ಇಂಥವನ್ನು ತಯಾರಿಸಲು ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಆರಂಭವಾಗಿತ್ತು; ಅದು ಮುಂದೆ ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ಗೆ ಸೇರಿತು. ಇನ್ಸುಲೇಟರುಗಳ ತಾಪ ಪರೀಕ್ಷೆಯಲ್ಲಿ ಅವನ್ನು ಬಿಸಿನೀರಿನ ತೊಟ್ಟಿಯಿಂದ ತೆಗೆದು ಅದಕ್ಕಿಂತ 70 ಡಿಗ್ರಿ ತಣ್ಣಗಿರುವ ನೀರಿಗೆ ಅದ್ದುತ್ತಾರೆ, ಒಂದರ ಹಿಂದೊಂದರಂತೆ ಮೂರು ಸಲ. ಕಣ್ಣಿಗೆ ಕಾಣದ ಒಂದು ಬಿರುಕು ಉಳಿದರೂ ಅದರೊಳಗೆ ತೇವ ಸೇರಿ ಒಂದು ದಿನ ಲೈನ್ ಟ್ರಿಪ್ ಆಗುತ್ತದೆ, ಊರು ಕತ್ತಲಾಗುತ್ತದೆ.

ಬಡಕಲು ಇಟ್ಟಿಗೆಯ ಒಗಟು

ಕಿಂಗರಿಯವರ ಲೆಕ್ಕದ ಪ್ರಕಾರ ಗಟ್ಟಿ ವಸ್ತುವೇ ಗೆಲ್ಲಬೇಕು. ಆದರೆ ಉಕ್ಕಿನ ಕಾರ್ಖಾನೆಯ ಕುಲುಮೆಗೆ ಇಟ್ಟಿಗೆ ಕಟ್ಟುವವರ ಅನುಭವ ಬೇರೆಯೇ ಇತ್ತು. ಅಲ್ಲಿ ಒಳಗೋಡೆಗೆ ಹಾಕುವ ಇಟ್ಟಿಗೆ ತೂತು ತೂತು, ದಪ್ಪ ಹರಳಿನದು. ಬಲ ಅಳೆದರೆ ಅಲ್ಯೂಮಿನಾದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಸಣ್ಣ ತಾಪ ವ್ಯತ್ಯಾಸಕ್ಕೂ ಅದರಲ್ಲಿ ಬಿರುಕು ಮೂಡುತ್ತದೆ. ಆದರೂ ಅದು ಕರಗಿದ ಲೋಹ ಬಂದು ಹೋಗುವ ಹೊಡೆತವನ್ನು ಮತ್ತೆ ಮತ್ತೆ ತಾಳಿಕೊಂಡು ನಿಲ್ಲುತ್ತದೆ. ನಯವಾದ ಗಟ್ಟಿ ಪಿಂಗಾಣಿಯನ್ನು ಅಲ್ಲಿ ಕೂರಿಸಿದರೆ ಮೊದಲ ದಿನವೇ ಚೂರು.

ಈ ಒಗಟನ್ನು ಬಿಡಿಸಿದವರು ಡಿ.ಪಿ.ಎಚ್. ಹ್ಯಾಸಲ್‌ಮನ್. ‘ಬಿರುಕು ಹುಟ್ಟುವುದೇ’ ಎಂಬ ಪ್ರಶ್ನೆಯ ಜೊತೆಗೆ ‘ಹುಟ್ಟಿದ ಮೇಲೆ ಎಷ್ಟು ದೂರ ಹೋಗುತ್ತದೆ’ ಎಂಬುದನ್ನೂ ಅವರು ಕೇಳಿದರು. 1969ರಲ್ಲಿ ಪ್ರಕಟಿಸಿದ ಸಿದ್ಧಾಂತದಲ್ಲಿ ಗ್ರಿಫಿತ್‌ನ ಜಮಾ-ಖರ್ಚನ್ನು ಉಷ್ಣಾಘಾತಕ್ಕೆ ಅನ್ವಯಿಸಿದರು.

ಗಟ್ಟಿ ವಸ್ತು ಬಹಳ ಹೊತ್ತು ತಡೆದುಕೊಳ್ಳುತ್ತದೆ. ತಡೆದುಕೊಂಡಷ್ಟೂ ಅದರೊಳಗೆ ಶಕ್ತಿ ಜಮೆಯಾಗುತ್ತದೆ. ಎಳೆತ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಕೊನೆಗೂ ಒಂದು ಪುಟ್ಟ ಬಿರುಕು ಹೊರಟಿತೆನ್ನಿ. ಕೂಡಿಟ್ಟದ್ದೆಲ್ಲ ಒಂದೇ ಸಲಕ್ಕೆ ಅದರ ಕೈಗೆ ಸಿಗುತ್ತದೆ. ಅದು ಹಿಂದುಮುಂದು ನೋಡದೆ ಓಡಿ ವಸ್ತುವನ್ನು ಸೀಳಿಬಿಡುತ್ತದೆ. ಅಲ್ಯೂಮಿನಾ ಕಡ್ಡಿಯ ಬಲ ಮೆಲ್ಲಗೆ ಇಳಿಯದೆ ದಿಢೀರನೆ ಕುಸಿದದ್ದು ಇದಕ್ಕಾಗಿ. ಬಡಕಲು ಇಟ್ಟಿಗೆಯಲ್ಲಿ ಬಿರುಕುಗಳು ಮೊದಲೇ ನೂರಾರು ಇವೆ. ಹೆಚ್ಚು ಶಕ್ತಿ ಕೂಡುವ ಮೊದಲೇ ಅವು ಒಂದಿಷ್ಟು ಸರಿಯುತ್ತವೆ, ಇದ್ದದ್ದನ್ನು ಹಂಚಿಕೊಳ್ಳುತ್ತವೆ, ಯಾವುದಕ್ಕೂ ದೂರ ಓಡುವಷ್ಟು ಬಂಡವಾಳ ದಕ್ಕುವುದಿಲ್ಲ. ಇಟ್ಟಿಗೆಗೆ ಗಾಯವಾಗುತ್ತದೆ, ಆದರೆ ಅದು ತುಂಡಾಗುವುದಿಲ್ಲ.

ಇದರಲ್ಲಿ ವಿನ್ಯಾಸಕಾರನನ್ನು ಪೇಚಿಗೆ ಸಿಲುಕಿಸುವ ಒಂದು ಅಂಶವಿದೆ. ಬಿರುಕೇ ಹುಟ್ಟಬಾರದು ಎಂದರೆ ವಸ್ತು ಗಟ್ಟಿಯಾಗಿರಬೇಕು. ಹುಟ್ಟಿದ ಬಿರುಕು ಓಡಬಾರದು ಎಂದರೆ ಅದು ಅಷ್ಟೊಂದು ಗಟ್ಟಿಯಾಗಿರಬಾರದು. ಎರಡನ್ನೂ ಒಟ್ಟಿಗೆ ಪಡೆಯುವುದು ಬಹು ಕಷ್ಟ. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಬೇಕು. ಜೆಟ್ ಎಂಜಿನ್ನಿನ ಬ್ಲೇಡುಗಳಿಗೆ ಜಿರ್ಕೋನಿಯಾ ಲೇಪ ಹಾಕುವವರು ಎರಡನೆಯದನ್ನು ಆರಿಸಿದ್ದಾರೆ. ಲೇಪ ಒಂದೇ ಹಾಳೆಯಂತೆ ಕೂರದೆ ಒತ್ತೊತ್ತಾಗಿ ನಿಂತ ಕಂಬಗಳಂತೆ ಬೆಳೆಯುವ ಹಾಗೆ ಅದನ್ನು ಹಾಕುವ ವಿಧಾನವಿದೆ. ಲೋಹ ಹಿಗ್ಗಿದಾಗ ಕಂಬಗಳ ನಡುವಣ ಸಂದುಗಳು ತೆರೆದುಕೊಂಡು ಜಗಳವನ್ನು ತಪ್ಪಿಸುತ್ತವೆ.

ಕುಂಬಾರರು ಈ ತೀರ್ಮಾನವನ್ನು ಎಂದೋ ಮಾಡಿಯಾಗಿತ್ತು. ಅಡುಗೆಯ ಮಡಕೆಗೆ ಅವರು ನುಣುಪು ಜೇಡಿಯನ್ನಷ್ಟೇ ಬಳಸುವುದಿಲ್ಲ, ಮರಳನ್ನೋ ಬೂದಿಯನ್ನೋ ಹೊಟ್ಟನ್ನೋ ಬೆರೆಸುತ್ತಾರೆ. ಹೊಟ್ಟು ಸುಟ್ಟುಹೋಗಿ ತೂತು ಉಳಿಯುತ್ತದೆ. ಮರಳಿನ ಕಣ ಮಣ್ಣಿಗಿಂತ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿ ತನ್ನ ಸುತ್ತ ಸಣ್ಣ ಬಿರುಕುಗಳ ಬಲೆ ಹೆಣೆಯುತ್ತದೆ. ಪುರಾತನ ಮಡಕೆಗಳ ಗುಣ ತಿಳಿಯಲು ವಾಸಿಲಿಸ್ ಕಿಲಿಕೋಗ್ಲು ಮತ್ತು ಸಂಗಡಿಗರು ಮಣ್ಣಿಗೆ ಬೇರೆ ಬೇರೆ ಪ್ರಮಾಣದಲ್ಲಿ ಬೆಣಚುಕಲ್ಲಿನ ಕಣ ಬೆರೆಸಿ, ಸುಟ್ಟು, ಮುರಿದು ನೋಡಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಣ ಹೆಚ್ಚಿದಂತೆ ಬಲ ಇಳಿಯಿತು. ಆದರೆ ಬಿರುಕು ಮುಂದೆ ಸಾಗಲು ತಗಲುವ ಶಕ್ತಿ ಏರಿತು. ಒಲೆಯ ಮೇಲೆ ಕೂರುವ ಮಡಕೆಗೆ ಬೇಕಾದದ್ದು ಈ ಎರಡನೆಯ ಗುಣವೇ. ಕಿಂಗರಿಯವರೂ ತಮ್ಮ ಕೊನೆಯ ವರ್ಷಗಳಲ್ಲಿ ಪುರಾತನ ಪಿಂಗಾಣಿ, ಮಡಕೆಗಳ ಅಧ್ಯಯನದತ್ತ ಹೊರಳಿದ್ದರು ಎಂಬುದು ಇಲ್ಲಿ ನೆನಪಾಗುತ್ತದೆ.

ಬಾಚಣಿಗೆಯ ಹಲ್ಲುಗಳು

ಹ್ಯಾಸಲ್‌ಮನ್ ಲೆಕ್ಕ ಬಿರುಕಿನ ಉದ್ದವನ್ನು ಹೇಳಿತು. ಅದರ ಚಿತ್ರವನ್ನು ಹೇಳಲಿಲ್ಲ. ನಿಜವಾದ ಬಿರುಕುಗಳೋ ಸೊಗಸಾದ ಚಿತ್ತಾರ ಬರೆಯುತ್ತವೆ.

ಚೀನಾದ ಸಂಶೋಧಕರು ತೆಳು ಅಲ್ಯೂಮಿನಾ ಪಟ್ಟಿಗಳನ್ನು ಕಾಯಿಸಿ ನೀರಿಗೆ ಹಾಕಿ, ಆಮೇಲೆ ಬಣ್ಣದಲ್ಲಿ ಅದ್ದಿ ತೆಗೆದರು. 2012ರಲ್ಲಿ ಅವರು ಪ್ರಕಟಿಸಿದ ಚಿತ್ರಗಳಲ್ಲಿ ಪಟ್ಟಿಯ ಅಂಚಿನಿಂದ ಒಳಕ್ಕೆ ಬಾಚಣಿಗೆಯ ಹಲ್ಲುಗಳಂತೆ ಬಿರುಕುಗಳು ಸಾಲಾಗಿ ಹೊರಟಿವೆ. ಅಂತರ ಹೆಚ್ಚುಕಡಿಮೆ ಸಮಾನ. ಸ್ವಲ್ಪ ಒಳಗೆ ಹೋದೊಡನೆ ಕೆಲವು ನಿಂತುಬಿಡುತ್ತವೆ, ನಡುನಡುವಿನವು ಮುಂದುವರಿಯುತ್ತವೆ. ಇನ್ನೂ ಒಳಗೆ ಹೋದರೆ ಅವುಗಳಲ್ಲೂ ಕೆಲವು ನಿಲ್ಲುತ್ತವೆ. ಹೆಚ್ಚು ಕಾಯಿಸಿದಷ್ಟೂ ಹಲ್ಲುಗಳು ಒತ್ತಾಗುತ್ತವೆ.

ಕಾರಣ ಹೀಗೆ. ಪ್ರತಿಯೊಂದು ಬಿರುಕೂ ತನ್ನ ಅಕ್ಕಪಕ್ಕದ ಎಳೆತವನ್ನು ಸಡಿಲಿಸುತ್ತದೆ. ಆ ನೆರಳಿನಲ್ಲಿ ಇನ್ನೊಂದು ಬಿರುಕು ಬೆಳೆಯಲಾರದು. ತಂಪು ಒಳಕ್ಕೆ ಇಳಿದು ಬಿರುಕುಗಳು ಉದ್ದವಾದಂತೆ ಅವುಗಳ ನೆರಳೂ ಅಗಲವಾಗುತ್ತದೆ. ನೆರೆಹೊರೆಯವರಲ್ಲಿ ಕೂದಲೆಳೆಯಷ್ಟು ಮುಂದಿದ್ದವನು ಪಕ್ಕದವನ ಅನ್ನ ಕಸಿಯುತ್ತಾನೆ. ದೊಡ್ಡ ಮರದ ಕೆಳಗೆ ಸಸಿ ಸೊರಗಿದ ಹಾಗೆ.

ಇದನ್ನು ಕಂಪ್ಯೂಟರಿನಲ್ಲಿ ಮೂಡಿಸುವುದು ದೊಡ್ಡ ಸವಾಲಾಗಿತ್ತು. ಹಳೆಯ ಪ್ರೋಗ್ರಾಮುಗಳು ವಸ್ತುವನ್ನು ಸಾವಿರಾರು ಚೌಕುಳಿಗಳಾಗಿ ಭಾಗಿಸಿ ಒಂದೊಂದರ ಎಳೆತ ಲೆಕ್ಕ ಹಾಕುತ್ತಿದ್ದವು. ಸೇತುವೆ, ಅಣೆಕಟ್ಟುಗಳಿಗೆ ಅದು ಬಹಳ ಒಳ್ಳೆಯ ವಿಧಾನ. ಆದರೆ ಬಿರುಕು ಎಂದರೆ ವಸ್ತುವಿನಲ್ಲಿ ಬಿದ್ದ ಕಂದಕ. ಕಂದಕದಲ್ಲಿ ಆ ಸಮೀಕರಣಗಳಿಗೆ ಅರ್ಥವೇ ಇರುವುದಿಲ್ಲ. ಬಿರುಕು ಎಲ್ಲಿ ಹುಟ್ಟುತ್ತದೆ, ಯಾವ ಕಡೆ ತಿರುಗುತ್ತದೆ ಎಂದು ಗಣಿತಜ್ಞನೇ ಮೊದಲು ಹೇಳಿಕೊಡಬೇಕಾಗುತ್ತಿತ್ತು. ಉತ್ತರ ಗೊತ್ತಿದ್ದರೆ ಪ್ರಶ್ನೆ ಬಿಡಿಸುವ ವಿದ್ಯಾರ್ಥಿಯ ಪಾಡು.

ಎರಡು ದಾರಿಗಳು ತೆರೆದವು. 1998ರಲ್ಲಿ ಫ್ರಾನ್ಸಿನ ಜಿಲ್ ಫ್ರಾಂಕ್‌ಫೋರ್ ಮತ್ತು ಜಾನ್-ಜಾಕ್ ಮಾರಿಗೊ ಗ್ರಿಫಿತ್‌ನ ಖಾತೆ ಪುಸ್ತಕವನ್ನೇ ಮತ್ತೆ ತೆರೆದರು. ಬಿರುಕಿನ ದಾರಿ ಕೇಳಬೇಡಿ; ಸಾಧ್ಯವಿರುವ ಎಲ್ಲ ಬಿರುಕುಗಳಲ್ಲಿ ಕೂಡಿಟ್ಟ ಶಕ್ತಿ ಮತ್ತು ಬಿರುಕಿನ ಖರ್ಚು ಸೇರಿದ ಒಟ್ಟು ಮೊತ್ತ ಯಾವುದರಲ್ಲಿ ಅತ್ಯಂತ ಕಡಿಮೆಯೋ ಅದನ್ನೇ ಪ್ರಕೃತಿ ಆರಿಸುತ್ತದೆ ಎಂದರು. ಕಂಪ್ಯೂಟರಿಗೆ ಅನುಕೂಲವಾಗಲೆಂದು ಬಿರುಕನ್ನು ಚೂಪು ಗೆರೆಯ ಬದಲು, ಶಾಯಿ ಹರಡಿದಂಥ ಒಂದು ಮಸುಕು ಪಟ್ಟೆಯಾಗಿ ಬರೆಯಲಾಯಿತು. ಇನ್ನೊಂದು ದಾರಿ ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಸ್ಟೂವರ್ಟ್ ಸಿಲ್ಲಿಂಗ್ ಅವರದು. 2000ದಲ್ಲಿ ಅವರು ವಸ್ತುವನ್ನು ಕೈ ಕೈ ಹಿಡಿದು ನಿಂತ ಬಿಂದುಗಳ ಗುಂಪೆಂದು ಕಲ್ಪಿಸಿದರು. ಪ್ರತಿ ಬಿಂದುವೂ ಒಂದು ಅಳತೆಯೊಳಗಿನ ಎಲ್ಲ ನೆರೆಯವರ ಕೈ ಹಿಡಿದಿರುತ್ತದೆ. ಮಿತಿ ಮೀರಿ ಎಳೆದ ಕೈ ಬಿಟ್ಟುಹೋಗುತ್ತದೆ. ಬಿಟ್ಟ ಕೈಗಳ ಸಾಲೇ ಬಿರುಕು. ‘ಪೆರಿಡೈನಾಮಿಕ್ಸ್’ ಎಂಬ ಈ ವಿಧಾನಕ್ಕೆ ಕಂದಕದ ಭಯವಿಲ್ಲ.

2014ರಲ್ಲಿ ಬ್ಲೇಸ್ ಬೂರ್ದಾಂ, ಮಾರಿಗೊ ಮೊದಲಾದವರು ಮೊದಲನೆಯ ದಾರಿ ಹಿಡಿದು ಮಾಡಿದ ಲೆಕ್ಕವನ್ನು ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಪ್ರಕಟಿಸಿದರು. ಬಿರುಕು ಎಲ್ಲಿರಬೇಕೆಂದು ಅವರು ಕಂಪ್ಯೂಟರಿಗೆ ಹೇಳಿರಲಿಲ್ಲ. ಕಳಂಕವಿಲ್ಲದ ಪಟ್ಟಿಯೊಂದರ ಅಂಚನ್ನು ತಣಿಸಿದ್ದಷ್ಟೇ. ಅಂಚಿನಲ್ಲಿ ಮಸುಕು ಮೂಡಿತು, ಹಲ್ಲುಗಳಾಯಿತು, ಕೆಲವು ನಿಂತವು, ಕೆಲವು ನಡೆದವು. ಅದೇ ಲೆಕ್ಕವನ್ನು ಮೂರು ಆಯಾಮಕ್ಕೆ ಒಯ್ದಾಗ ಬಹುಭುಜಗಳ ಕಂಬಗಳು ಕಾಣಿಸಿಕೊಂಡವು.

ಆ ಕಂಬಗಳನ್ನು ನೋಡಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಸಾಕು. ಕೋಟ್ಯಂತರ ವರ್ಷಗಳ ಹಿಂದೆ ಉಕ್ಕಿದ ಲಾವಾರಸ ಮೇಲಿನಿಂದ ತಣಿಯುತ್ತ ಬಂದಂತೆ ಬಿರುಕುಗಳು ಒಳಕ್ಕಿಳಿದು, ಐದು ಮೂಲೆ ಆರು ಮೂಲೆಯ ಕಲ್ಲುಕಂಬಗಳು ಯಾರೋ ಜೋಡಿಸಿಟ್ಟ ಹಾಗೆ ನಿಂತಿವೆ. ಅಲ್ಲಿ ನಡೆದದ್ದು ದಿಢೀರ್ ಆಘಾತವಲ್ಲ, ಬಹಳ ನಿಧಾನದ ತಣಿವು. ಆದ್ದರಿಂದಲೇ ಬಿರುಕುಗಳ ನಡುವೆ ಅಷ್ಟು ಅಂತರ. ಸೂತ್ರ ಮಾತ್ರ ಒಂದೇ.

ಗುಳಿಗೆ ಸೀಳಿದರೆ

ಇಷ್ಟೆಲ್ಲ ಕಷ್ಟ ಯಾತಕ್ಕೆ? ಕೈಗಾ ಸ್ಥಾವರದ ಉದಾಹರಣೆ ನೋಡಬಹುದು. ಅಲ್ಲಿನ ಇಂಧನ ಯುರೇನಿಯಂ ಡೈ ಆಕ್ಸೈಡ್, ಅದೂ ಒಂದು ಸಿರಾಮಿಕ್. ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ಪುಡಿಯನ್ನು ಒತ್ತಿ, ಸುಟ್ಟು, ಬೆರಳ ತುದಿಯಂಥ ಗುಳಿಗೆಗಳನ್ನಾಗಿ ಮಾಡಿ ಲೋಹದ ಕೊಳವೆಗಳಲ್ಲಿ ತುಂಬುತ್ತಾರೆ. ರಿಯಾಕ್ಟರ್ ನಡೆಯುವಾಗ ಗುಳಿಗೆಯ ನಡುಮಧ್ಯ ಸಾವಿರ ಡಿಗ್ರಿಗೂ ಮೇಲೆ ಕಾದಿರುತ್ತದೆ, ಅಂಚಿನಲ್ಲಿ ಕೆಲವೇ ನೂರು ಡಿಗ್ರಿ. ಅಂಚು ಎಳೆತಕ್ಕೆ ಸಿಕ್ಕಿ, ಮೊದಲ ಸಲ ಶಕ್ತಿ ಏರಿಸುವಾಗಲೇ ಗುಳಿಗೆ ಕಿತ್ತಳೆಯ ತೊಳೆಗಳಂತೆ ಸೀಳುತ್ತದೆ. ಇದು ಅಪಘಾತವಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿ. ಕೊಳವೆ ಅದನ್ನು ಹಿಡಿದಿಟ್ಟಿರುತ್ತದೆ. ಆದರೆ ಸೀಳಿದ ತುಂಡುಗಳು ಸರಿದು ಕೊಳವೆಯನ್ನು ಎಲ್ಲಿ ಮುಟ್ಟುತ್ತವೆ, ಅದರ ಮೇಲೆ ಎಷ್ಟು ಒತ್ತುತ್ತವೆ, ಉಷ್ಣದ ಹರಿವು ಹೇಗೆ ಬದಲಾಗುತ್ತದೆ ಎಂಬುದು ಸುರಕ್ಷೆಯ ಪ್ರಶ್ನೆ. ಒಳಗೆ ಇಣುಕಿ ನೋಡಲಾಗದ ಜಾಗ ಅದು. ಲೆಕ್ಕವೇ ಅಲ್ಲಿ ಕಣ್ಣು.

2011ರ ಮಾರ್ಚಿಯಲ್ಲಿ ಜಪಾನಿನ ಫುಕುಶಿಮಾದಲ್ಲಿ ತಂಪಿಸುವ ವ್ಯವಸ್ಥೆ ಕೈಕೊಟ್ಟಾಗ ಇಂಧನದ ಜಿರ್ಕೋನಿಯಂ ಕೊಳವೆಗಳು ಉಗಿಯೊಡನೆ ವರ್ತಿಸಿ ಜಲಜನಕ ಹುಟ್ಟಿ ಕಟ್ಟಡಗಳೇ ಸ್ಫೋಟಿಸಿದವು. ಆಮೇಲೆ ಲೋಹದ ಬದಲು ಸಿಲಿಕಾನ್ ಕಾರ್ಬೈಡ್ ಸಿರಾಮಿಕ್ಕಿನ ಕೊಳವೆ ಮಾಡಬಹುದೇ ಎಂಬ ಸಂಶೋಧನೆ ಹಲವು ದೇಶಗಳಲ್ಲಿ ಚುರುಕಾಯಿತು. ಅದು ಉಗಿಗೆ ಅಷ್ಟು ಸುಲಭವಾಗಿ ಬಲಿಯಾಗದು. ಆದರೆ ಆಪತ್ತಿನ ಹೊತ್ತಿನಲ್ಲಿ ಕೆಂಪಗೆ ಕಾದ ಕೊಳವೆಯ ಮೇಲೆ ತಣ್ಣೀರು ನುಗ್ಗಿಸುತ್ತಾರಲ್ಲ, ಆಗ? ನೆಂಟರ ಮುಂದಿನ ಲೋಟದ ಪ್ರಶ್ನೆಯೇ ಇಲ್ಲಿ ಬೇರೆ ವೇಷದಲ್ಲಿ ಬಂದು ನಿಂತಿದೆ.

ಇಲ್ಲಿ ಮಾದರಿಗಳಿಗೆ ಇನ್ನೂ ಸರಿಯಾಗಿ ಬಗ್ಗದಿರುವುದು ಸಿರಾಮಿಕ್ಕಿಗಿಂತ ಹೆಚ್ಚಾಗಿ ನೀರು ಎಂದರೆ ಆಶ್ಚರ್ಯವಾಗಬಹುದು. ದೋಸ ಕಾವಲಿ ಹದವಾಗಿದೆಯೇ ಎಂದು ನೋಡಲು ನೀರು ಚಿಮುಕಿಸುತ್ತಾರೆ. ಕಾವು ಸಾಧಾರಣವಿದ್ದರೆ ಹನಿ ‘ಚುಯ್’ ಎಂದು ಕೂಡಲೇ ಆರುತ್ತದೆ. ವಿಪರೀತ ಕಾದಿದ್ದರೆ ಹನಿ ಮುತ್ತಿನಂತೆ ಗುಂಡಾಗಿ ಓಡಾಡುತ್ತದೆ, ಬೇಗ ಆರುವುದಿಲ್ಲ. ಹನಿಯ ಕೆಳಗೆ ಉಗಿಯ ಹಾಸಿಗೆ ಬಿದ್ದು ಬಿಸಿ ದಾಟದಂತೆ ತಡೆಯುವುದೇ ಕಾರಣ. ನೀರಿಗೆ ಬಿದ್ದ ಕಾದ ಸಿರಾಮಿಕ್ಕಿನ ಮೇಲೂ ಹೀಗೆಯೇ ಒಂದು ಕಡೆ ಉಗಿಯ ಹೊದಿಕೆ, ಇನ್ನೊಂದು ಕಡೆ ಗುಳ್ಳೆಗಳ ಕುದಿತ, ಮತ್ತೊಂದು ಕಡೆ ಬರಿಯ ನೀರು. ಮೇಲ್ಮೈಯಿಂದ ಬಿಸಿ ಹೀರುವ ವೇಗ ಕ್ಷಣಕ್ಷಣಕ್ಕೂ ಜಾಗಜಾಗಕ್ಕೂ ಹತ್ತಾರು ಪಟ್ಟು ಬದಲಾಗುತ್ತದೆ. ಕಂಪ್ಯೂಟರಿಗೆ ಕೊಡುವ ಆ ಒಂದು ಸಂಖ್ಯೆ ತಪ್ಪಿದರೆ ಬಿರುಕಿನ ಚಿತ್ರ ಎಷ್ಟೇ ಚೆಂದವಿರಲಿ, ಅದನ್ನು ನಂಬಿ ರಿಯಾಕ್ಟರ್ ಕಟ್ಟುವಂತಿಲ್ಲ.

ಈ ಕೆಲಸಕ್ಕೆ ಭೌತವಿಜ್ಞಾನ, ಗಣಿತ, ಕಂಪ್ಯೂಟರ್ ಮೂರೂ ಬೇಕು. ಪಿಯುಸಿ ನಂತರ ಎಂಜಿನಿಯರಿಂಗ್ ಎಂದರೆ ಒಂದೆರಡು ಶಾಖೆಗಳನ್ನಷ್ಟೇ ಯೋಚಿಸುವ ಪೋಷಕರು ಗಮನಿಸಬಹುದು: ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಲೋಹ ಮತ್ತು ವಸ್ತುವಿಜ್ಞಾನದ ವಿಭಾಗವಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗವಿದೆ. ಪ್ರೋಗ್ರಾಮ್ ಬರೆಯುವ ಆಸಕ್ತಿಯುಳ್ಳವರಿಗೆ ಅಮೆರಿಕದ ಐಡಾಹೊ ರಾಷ್ಟ್ರೀಯ ಪ್ರಯೋಗಾಲಯ 2014ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟ ‘ಮೂಸ್’ ಎಂಬ ತಂತ್ರಾಂಶ ಪುಕ್ಕಟೆಯಾಗಿ ಸಿಗುತ್ತದೆ. ಬಿರುಕಿನ ಲೆಕ್ಕಗಳನ್ನು ಅದರಲ್ಲಿ ಮಾಡಬಹುದು.

ಕಿರಿಯರಿಗೆ ಕುಲುಮೆ, ಕಾದ ಗಾಜುಗಳ ಸಹವಾಸ ಬೇಡ. ಅಡುಗೆಮನೆಯ ಕಾರ್ನ್‌ಫ್ಲೋರ್ ಸಾಕು. ಜರ್ಮನಿಯ ಗೆರಾರ್ಡ್ ಮುಲ್ಲರ್ 1998ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಒಂದು ಬಟ್ಟಲಿನಲ್ಲಿ ಕಾರ್ನ್‌ಫ್ಲೋರನ್ನೂ ನೀರನ್ನೂ ಸಮಸಮ ಕಲಸಿ ಒಂದೆರಡು ಅಂಗುಲ ದಪ್ಪಕ್ಕೆ ತುಂಬಿ, ಅಲುಗಾಡದ ಜಾಗದಲ್ಲಿ ಒಣಗಲು ಇಡಬೇಕು. ಮೇಲೆ ಬಲ್ಬಿನ ಶಾಖ ಇದ್ದರೆ ಒಳ್ಳೆಯದು. ಇಲ್ಲಿ ಬಿಸಿಯ ಬದಲು ತೇವ ಹೊರಗೆ ಹೋಗುತ್ತದೆ, ಕುಗ್ಗುವುದು ಮಾತ್ರ ಅದೇ ರೀತಿ. ಮೊದಲು ಮೇಲ್ಗಡೆ ಕೆರೆಯಂಗಳದಲ್ಲಿ ಕಾಣುವಂಥ ದೊಡ್ಡ ಬಿರುಕುಗಳು ಮೂಡುತ್ತವೆ. ಅಷ್ಟಕ್ಕೇ ಮುಗಿಯಿತೆಂದು ಎಸೆಯಬೇಡಿ. ಕೆಲವು ದಿನ ಬಿಟ್ಟು ಪೂರ್ತಿ ಒಣಗಿದ ಮೇಲೆ ಒಂದು ಹೆಂಟೆಯನ್ನು ಮೆಲ್ಲಗೆ ಎತ್ತಿ ಬುಡಮೇಲು ಮಾಡಿ ನೋಡಿ. ಕೆಳಗಡೆ, ಪೆನ್ಸಿಲಿಗಿಂತ ಸಣ್ಣಗೆ, ಐದು ಮೂಲೆ ಆರು ಮೂಲೆಯ ಬಿಳಿ ಕಂಬಗಳು ಒತ್ತೊತ್ತಾಗಿ ನಿಂತಿರುತ್ತವೆ.